ಬಿಲ್ಲೆ ಇಲ್ಲದ ಮೊಮ್ಮಗ

ಶಿಡ್ಲಘಟ್ಟದ ಹತ್ತಿರ ನಮ್ಮ ಭಾವನ ರೇಷ್ಮೆ ಹುಳದ ಮನೆ ಇದೆ. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲು ಅದ್ದದೆ ಯಾರೂ ಒಳಗೆ ಹೋಗುವಂತಿಲ್ಲ. ಒಮ್ಮೆ ಬಾಗಿಲಲ್ಲೇ ಸೀನಿದ್ದಕ್ಕೆ ನನ್ನನ್ನು ಅಂಗಳಕ್ಕೆ ಅಟ್ಟಿದ್ದರು. ಹುಳ ಒಂದೊಂದು ಜ್ವರದಿಂದ ಎದ್ದಾಗಲೂ (ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಅನ್ನುವುದು) ತಪ್ಪದೆ ರೋಗ ತಡೆಯುವ ಪುಡಿ ಉದುರಿಸುತ್ತಾರೆ. ಯಾಕೆ ಅಂದರೆ, "ರೋಗ ಬಂದ್ಮೇಲೆ ಗೂಡು ಕಟ್ಟಲ್ಲಪ್ಪ, ಮೊದಲೇ ನೋಡ್ಕೋಬೇಕು."

ಇಂಥ ಭಾವನ ನಾಲ್ಕು ವರ್ಷದ ಮೊಮ್ಮಗನಿಗೆ ಡಾಕ್ಟರು ಫ್ಲೂ ಲಸಿಕೆ ಹಾಕಿಸಿ ಅಂದರು. ಅವತ್ತಿನಿಂದ ಭಾವ ವಾಟ್ಸಾಪ್ ವಿಜ್ಞಾನಿ.

"ಲಸಿಕೆಯಿಂದಾನೇ ಫ್ಲೂ ಬರುತ್ತಂತೆ." ಭಾವ, ಆ ಸೂಜಿಯಲ್ಲಿರುವುದು ಸತ್ತ ವೈರಸ್. ಅದು ಎದ್ದು ಬರುವುದಾದರೆ, ನೂಲು ತೆಗೆಯುವ ರೀಲರ್ ಕುದಿಸಿದ ಗೂಡಿನಿಂದಲೂ ಚಿಟ್ಟೆ ಹೊರಬರಬೇಕಿತ್ತು. ಕೈ ನೋಯಬಹುದು, ಒಂದೆರಡು ದಿನ ಮೈ ಬಿಸಿಯಾಗಬಹುದು, ಅಷ್ಟೇ.

"ಮೊದಲ ಸಲ ಎರಡು ಸೂಜಿಯಂತೆ, ನಾಲ್ಕು ವಾರ ಬಿಟ್ಟು ಇನ್ನೊಂದು. ಆಮೇಲೆ ವರ್ಷಾ ವರ್ಷಾ! ಇದು ವ್ಯಾಪಾರ ಅಲ್ದೆ ಇನ್ನೇನು?" ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ, ಅದಕ್ಕೆ ಪ್ರತಿ ವರ್ಷ ಹೊಸ ಲಸಿಕೆ ಅಂದೆ. ಭಾವ ನಕ್ಕರು. ಕೊಟ್ಟಿಗೆಯ ಎಚ್‌ಎಫ್ ಹಸುವಿಗೆ ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ. ಅದಾದ ಮೇಲೆ ಎರಡು ದಿನ ಹಾಲು ಇಳಿದರೂ, ಡೇರಿ ಪುಸ್ತಕದಲ್ಲಿ ಲೀಟರು ಕಮ್ಮಿಯಾದರೂ ಭಾವ ತುಟಿ ಬಿಚ್ಚುವುದಿಲ್ಲ.

ಕೊನೆಯ ಅಸ್ತ್ರ, "ಅದರಲ್ಲಿ ಚಿಪ್ ಇದ್ಯಂತೆ!" ಇದನ್ನು ಹೇಳಿದವರ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ, ಜೇಬಿನಲ್ಲಿ 12 ಅಂಕಿಯ ಆಧಾರ್. ಯಾವನೋ ಕುತಂತ್ರಿ ಇವರನ್ನು ಹಿಂಬಾಲಿಸಿದರೆ ಅವನಿಗೆ ಗೊತ್ತಾಗುವುದು ಹಿಪ್ಪುನೇರಳೆ ತೋಟ, ಗೂಡಿನ ಮಾರುಕಟ್ಟೆ, ಟೀ ಅಂಗಡಿ. ಪಾಪ, ಅವನಿಗೂ ಬೇಜಾರಾದೀತು.

ಸೂಜಿಗೆ ಹೆದರುವ ಮನೆಯೂ ಅಲ್ಲ ಇದು. ಮಗುವಿಗೆ ಜ್ವರ ಬಂದ ರಾತ್ರಿ, "ಎರಡು ಇಂಜೆಕ್ಷನ್ ಹಾಕಿ ಡಾಕ್ಟ್ರೇ, ಆ್ಯಂಟಿಬಯೋಟಿಕ್ ಜೋರಾಗಿರೋದೇ ಬರೀರಿ, ಗ್ಲೂಕೋಸ್ ಹತ್ತಿಸಿ" ಅಂತ ಗಲಾಟೆ ಮಾಡಿದವರು ಇವರೇ. ಆ್ಯಂಟಿಬಯೋಟಿಕ್ಕಿಗೆ ವೈರಸ್ ಬಗ್ಗುವುದಿಲ್ಲ ಅಂದ ಆ ಡಾಕ್ಟರು ಈಗ ನಮ್ಮೂರಿನಲ್ಲಿ "ಕೈಗುಣ ಇಲ್ಲದವರು".

ಸರ್ಕಾರವೂ ಭಾವನ ಪಾರ್ಟಿಯೇ ಇರಬೇಕು. ಹಸುವಿನ ಲಸಿಕೆ ಮನೆ ಬಾಗಿಲಿಗೆ, ಪುಕ್ಕಟೆ. ಮಕ್ಕಳಿಗೆ ಪೋಲಿಯೊ, ದಡಾರದ ಲಸಿಕೆ ಪುಕ್ಕಟೆ ಸಿಗುತ್ತದೆ, ಫ್ಲೂ ಲಸಿಕೆ ಮಾತ್ರ ಆ ಪಟ್ಟಿಯಲ್ಲಿಲ್ಲ. ಮೊನ್ನೆ ಪಶು ಆಸ್ಪತ್ರೆಯವರು ಬಂದಾಗ ಭಾವ ಹಗ್ಗ ಬಿಗಿಹಿಡಿದು, "ಇದಕ್ಕೆ ಹಾಕಿದ್ದಾಯ್ತು, ಕರೂಗೂ ಹಾಕ್ಬಿಡಿ ಸಾರ್" ಅಂತ ಕೇಳುತ್ತಿದ್ದರು. ಪಕ್ಕದಲ್ಲಿ ಮೊಮ್ಮಗ ಸೀನಿದ. ಅಕ್ಕ ಅವನ ಮೂಗು ಸೆರಗಿನಲ್ಲಿ ಒರೆಸಿ ಹೇಳಿದಳು:

"ಸಾರ್, ಇವನ ಕಿವಿಗೂ ಒಂದು ಬಿಲ್ಲೆ ಹೊಡ್ದುಬಿಡಿ. ಆಗಲಾದ್ರೂ ಇವರ ಲೆಕ್ಕಕ್ಕೆ ಬರ್ತಾನೆ."