ಹದಿನಾಲ್ಕನೇ ಹಲ್ಲು

ನಾನು ಹಲ್ಲಿನ ಡಾಕ್ಟರು. ದಾವಣಗೆರೆಯಲ್ಲಿ ಸಣ್ಣದೊಂದು ಕ್ಲಿನಿಕ್ ಇದೆ. ಅರ್ಧ ದಿನ ಊರವರ ಬಾಯಿ ನೋಡುತ್ತೇನೆ, ಇನ್ನರ್ಧ ದಿನ ಇಮೇಲ್. ಬಾಯಿಯೇ ವಾಸಿ, "ಆ ಅನ್ನಿ" ಅಂದರೆ ತೆರೆಯುತ್ತದೆ. ಇಮೇಲ್ ಪಾಸ್‌ವರ್ಡ್ ಕೇಳುತ್ತದೆ.

ಕ್ಯಾಪ್ ಮಾಡುವ ಲ್ಯಾಬಿಗೆ ಹಲ್ಲಿನ ಬಣ್ಣ ಎ2 ಅಂತಲೋ ಎ3 ಅಂತಲೋ ಮೇಲ್ ಮಾಡಬೇಕು. 3ಡಿ ಸ್ಕ್ಯಾನ್ ಕಳಿಸೋಣ ಅಂದರೆ ಅದು ನೂರಾರು ಎಂಬಿ, ಜಿಮೇಲ್ ಅಟ್ಯಾಚ್‌ಮೆಂಟು 25 ಎಂಬಿಗೇ ಕೈ ಎತ್ತುತ್ತದೆ. ಕೊನೆಗೆ ನಮ್ಮ ಹುಡುಗ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬೈಕ್ ಹತ್ತುತ್ತಾನೆ.

ಇದೆಲ್ಲ ಇರಲಿ. ಹೋದ ವರ್ಷ ಒಬ್ಬರು ಅಜ್ಜಿ ಬಂದರು. ಮಗನ ಮನೆ ಅಂತ ನ್ಯೂಜೆರ್ಸಿಗೆ ಹೋಗಿದ್ದಾಗ ಹಲ್ಲುನೋವು ಶುರುವಾಗಿತ್ತು. ಅಲ್ಲಿನ ಡಾಕ್ಟರು ಹೇಳಿದ ರೇಟು ಕೇಳಿ, ನೋವು ನುಂಗಿಕೊಂಡೇ ವಿಮಾನ ಹತ್ತಿದ್ದರು. ಅವರಿಗಿಂತ ಮೊದಲೇ ಆ ಡಾಕ್ಟರ ಮೇಲ್ ನನಗೆ ಬಂದಿತ್ತು: 14ನೇ ಹಲ್ಲು, ರೂಟ್ ಕೆನಾಲ್ ಆಗಬೇಕು.

ನಮ್ಮ ಲೆಕ್ಕದಲ್ಲಿ ಬಾಯಿಗೆ ನಾಲ್ಕು ಭಾಗ. ಮೊದಲ ಅಂಕಿ ಭಾಗದ್ದು, ಎರಡನೆಯದು ನಡುವಿನಿಂದ ಎಣಿಸಿದರೆ ಎಷ್ಟನೇ ಹಲ್ಲು ಅಂತ. 14 ಅಂದರೆ ಮೇಲೆ, ಬಲಗಡೆ, ನಾಲ್ಕನೆಯದು. ಅಜ್ಜಿಯನ್ನು ಕುರ್ಚಿಯಲ್ಲಿ ಮಲಗಿಸಿ, ಮೇಲ್ ಓದಿದ ಜಂಬದಲ್ಲೇ ಬಲಗಡೆಗೆ ಇಂಜೆಕ್ಷನ್ ಹಿಡಿದೆ.

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. "ಡಾಕ್ಟ್ರೇ, ನೋವು ಈ ಕಡೆ ಅಲ್ವಾ?" ಅಂತ ಎಡಗೆನ್ನೆ ತೋರಿಸಿದರು.

"ಅಮ್ಮಾ, ಮೇಲ್‌ನಲ್ಲಿ ಬಲಗಡೆ ಅಂತ ಇದೆ."

"ಹಲ್ಲು ನಂದಾ, ಮೇಲ್‌ದಾ?"

ಆಗ ಹೊಳೆಯಿತು. ಅಮೆರಿಕದವರ ಎಣಿಕೆಯೇ ಬೇರೆ. ಮೇಲೆ ಬಲತುದಿಯ ಬುದ್ಧಿಹಲ್ಲಿನಿಂದ ಒಂದು, ಎರಡು ಅಂತ ಸಾಲಾಗಿ 32ರವರೆಗೆ ಎಣಿಸುತ್ತಾರೆ. ಅವರ 14 ಅಂದರೆ ಮೇಲಿನ ಎಡಗಡೆಯ ಮೊದಲ ದವಡೆ ಹಲ್ಲು. ನಮ್ಮ ಲೆಕ್ಕದಲ್ಲಿ ಅದು 26. ಓದುವಾಗ ಪರೀಕ್ಷೆಗೆ ಇದನ್ನು ಉರು ಹೊಡೆದಿದ್ದೆ. ಪಾಸಾದ ಮೇಲೆ ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳಿ.

ಇಂಜೆಕ್ಷನ್ ಎಡಗಡೆಗೆ ಹೋಯಿತು. ರೂಟ್ ಕೆನಾಲೂ ಸಲೀಸಾಗಿ ಮುಗಿಯಿತು. ಆ ರಾತ್ರಿ ಮಗನಿಗೆ ಮೇಲ್ ಮಾಡಿದೆ: "26ನೇ ಹಲ್ಲಿನ ಚಿಕಿತ್ಸೆ ಮುಗಿದಿದೆ." ಅವರು ಅದನ್ನು ಅಲ್ಲಿನ ಡಾಕ್ಟರಿಗೆ ಕಳಿಸಿದರು. ಬೆಳಗಾಗುವಷ್ಟರಲ್ಲಿ ಉತ್ತರ ಬಂದಿತ್ತು. ಗಾಬರಿ ಎದ್ದು ಕಾಣುತ್ತಿತ್ತು. ಅವರ ಲೆಕ್ಕದ 26 ಕೆಳಗಿನ ಸಾಲಿನ ಮುಂದಿನ ಹಲ್ಲು!

ಕ್ಯಾಪ್ ಹಾಕಿಸಲು ಬಂದಾಗ ಅಜ್ಜಿಗೆ ಇದೆಲ್ಲ ಬಿಡಿಸಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ನಾಲಿಗೆಯಿಂದ ಒಂದು ಸುತ್ತು ಎಣಿಸಿದರು.

"ನನ್ನ ಬಾಯಲ್ಲಿ ಇರೋದೇ ಇಪ್ಪತ್ತೊಂದು ಹಲ್ಲು ಡಾಕ್ಟ್ರೇ. ಇಪ್ಪತ್ತಾರನೇದು ಯಾರದ್ದಕ್ಕೆ ಮಾಡಿದ್ರಿ?"