ಸುರಕ್ಷತೆಯ ಪಾಠ ಕೀಬೋರ್ಡಿನ ಮುಂದೆಯೇ ಆಗಬೇಕು

ನಾನು ಹುಬ್ಬಳ್ಳಿಯವನು. ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಂಶೋಧಕರು ಬಳಸುವ ಕ್ಲಸ್ಟರ್‌ಗಳನ್ನು (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪುಗಳನ್ನು) ನೋಡಿಕೊಳ್ಳುವುದು ನನ್ನ ಕೆಲಸ. ಊರಿಗೆ ಬಂದಾಗ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಲ್ಯಾಬುಗಳಿಗೆ ಹೋಗಿ ಬರುತ್ತೇನೆ. ಹುಡುಗರ ಹುರುಪು ನೋಡಿದರೆ ಹೆಮ್ಮೆ ಅನಿಸುತ್ತದೆ. ಜೋಳದ ಎಲೆಯ ರೋಗ ಗುರುತಿಸುವ ಕಂಪ್ಯೂಟರ್ ಮಾಡೆಲ್‌ಗಳನ್ನು ಇಲ್ಲೇ ಕೂತು ತಯಾರು ಮಾಡುತ್ತಿದ್ದಾರೆ.

ಆದರೆ ಒಂದು ಲ್ಯಾಬಿನಲ್ಲಿ ಜಿಪಿಯು ಸರ್ವರ್‌ನ (ಇಂಥ ಮಾಡೆಲ್‌ಗಳ ಭಾರೀ ಲೆಕ್ಕ ಮಾಡುವ ಕಂಪ್ಯೂಟರಿನ) ರೂಟ್ ಪಾಸ್‌ವರ್ಡನ್ನು, ಅಂದರೆ ಪೂರ್ತಿ ಅಧಿಕಾರ ಕೊಡುವ ಪಾಸ್‌ವರ್ಡನ್ನು, ಬೋರ್ಡಿನ ಮೇಲೆ ಬರೆದಿಟ್ಟಿದ್ದರು. "ಎಲ್ಲಾರೂ ಅದರಾಗ ಲಾಗಿನ್ ಆಗ್ತೀವ್ರಿ ಸರ, ಬರದಿಡ್ಲಿಕ್ರ ಮರತ ಹೋಗ್ತದ" ಎಂದ ಎಂ.ಟೆಕ್ ಹುಡುಗ. ಇಬ್ಬರೂ ಕೂತು ಯಾರು ಯಾವಾಗ ಲಾಗಿನ್ ಆಗಿದ್ದಾರೆಂದು ನೋಡಿದೆವು. ಪರದೆ ತುಂಬ ಒಂದೇ ಹೆಸರು, ರೂಟ್. ಹಿಂದೊಮ್ಮೆ ಒಬ್ಬಳ ಡೇಟಾ ಫೋಲ್ಡರ್ ಅಳಿಸಿಹೋಗಿತ್ತಂತೆ. ಅಳಿಸಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಇಲ್ಲಿ ತರಬೇತಿ ನಡೆಯುವುದೇ ಇಲ್ಲ ಎಂದಲ್ಲ. ಸೆಮಿನಾರ್ ಹಾಲಿನಲ್ಲಿ ಸ್ಲೈಡು ತೋರಿಸಿ, ಒಟಿಪಿ ಯಾರಿಗೂ ಹೇಳಬೇಡಿ ಎಂದು ಎಚ್ಚರಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುತ್ತಾರೆ. ಅದು ಬ್ಯಾಂಕ್ ಖಾತೆಗೆ ಸರಿ. ಕ್ಲಸ್ಟರ್ ಬಳಸುವವರಿಗೆ ಅಷ್ಟು ಸಾಲದು.

2020ರ ಮೇ ತಿಂಗಳಲ್ಲಿ ಯುರೋಪಿನ ಸೂಪರ್‌ಕಂಪ್ಯೂಟರ್‌ಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಎಡಿನ್‌ಬರೋದ ಆರ್ಚರ್, ಸ್ಟುಟ್‌ಗಾರ್ಟ್‌ನ ಹಾಕ್, ಕಾರ್ಲ್ಸ್‌ರೂಹೆ, ಉಲ್ಮ್‌ಗಳ ಕ್ಲಸ್ಟರ್‌ಗಳೂ ಅದರಲ್ಲಿದ್ದವು. ಒಳಗೆ ನುಗ್ಗಿದ್ದ ಕಳ್ಳರು ಬಳಸಿದ್ದು ಸಂಶೋಧಕರ ಕದ್ದ ಲಾಗಿನ್‌ಗಳನ್ನು. ಒಬ್ಬನೇ ಸಂಶೋಧಕನಿಗೆ ಹಲವು ಕಡೆ ಖಾತೆ ಇರುತ್ತದೆ, ಹೀಗಾಗಿ ಒಂದು ಕಡೆ ಹೊಕ್ಕವರಿಗೆ ಇನ್ನೊಂದು ಕಡೆಗೂ ದಾರಿ ಸಿಗುತ್ತದೆ. ಆರ್ಚರ್ ಬಳಸುವವರೆಲ್ಲರ ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀಗಳನ್ನೂ (ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಕೀಲಿ ಫೈಲುಗಳನ್ನೂ) ಬದಲಿಸಬೇಕಾಯಿತು.

ಸ್ಟುಟ್‌ಗಾರ್ಟ್‌ನಲ್ಲಿ ನಾವು ಹೊಸಬರಿಗೆ ಕೀ ಕಾಪಾಡುವ ಪಾಠವನ್ನು ಕೈಯಿಂದಲೇ ಮಾಡಿಸುತ್ತೇವೆ. ಅಭ್ಯಾಸಕ್ಕೆಂದು ಎರಡು ಕೀ ತಯಾರಿಸಬೇಕು, ಒಂದಕ್ಕೆ ಪಾಸ್‌ಫ್ರೇಜ್ (ಆ ಕೀ ತೆರೆಯಲು ಬೇಕಾದ ಗುಪ್ತಪದ) ಹಾಕಬೇಕು, ಇನ್ನೊಂದನ್ನು ಹಾಗೇ ಬಿಡಬೇಕು. ಎರಡೂ ಫೈಲನ್ನು ಪಕ್ಕದವರಿಗೆ ಕೊಟ್ಟು "ಈಗ ನನ್ನ ಖಾತೆಗೆ ಹೋಗು ನೋಡೋಣ" ಎನ್ನಬೇಕು. ಪಾಸ್‌ಫ್ರೇಜ್ ಇಲ್ಲದ ಕೀ ಹಿಡಿದವರು ಕಣ್ಣೆದುರೇ ಒಳಗೆ ಹೋಗಿಬಿಡುತ್ತಾರೆ. ಇದನ್ನು ಕಂಡವರಿಗೆ ಮತ್ತೆ ಹೇಳಬೇಕಾಗಿಲ್ಲ. 'ಪರ್ಮಿಷನ್ ಡಿನೈಡ್' (ಅನುಮತಿ ಇಲ್ಲ) ಬಂತೆಂದು 777, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಅನುಮತಿ, ಕೊಟ್ಟವರ ಫೈಲನ್ನೂ ಹೀಗೆಯೇ ಪಕ್ಕದವರ ಕೈಲಿ ತಿದ್ದಿಸುತ್ತೇವೆ. ಜ್ಯುಪಿಟರ್ ನೋಟ್‌ಬುಕ್ಕನ್ನು (ಬ್ರೌಸರಿನಲ್ಲೇ ಕೋಡ್ ಬರೆದು ನಡೆಸುವ ಸಾಧನವನ್ನು) ಪೋರ್ಟ್, ಅಂದರೆ ಸರ್ವರ್‌ನ ನೆಟ್‌ವರ್ಕ್ ಬಾಗಿಲು, ತೆರೆದಿಟ್ಟು ಬಳಸದೆ ಎಸ್‌ಎಸ್‌ಎಚ್ ಟನಲ್ ಎಂಬ ಸುರಕ್ಷಿತ ದಾರಿಯ ಮೂಲಕ ಬಳಸುವುದನ್ನೂ ಕಲಿಸುತ್ತೇವೆ.

ಬ್ಯಾಕಪ್ ಇದೆ ಎಂದು ಹೇಳಿದರೂ ಬಿಡುವುದಿಲ್ಲ, ಅದರಿಂದ ಒಂದು ಫೈಲನ್ನು ಮರಳಿ ತೆಗೆದು ತೋರಿಸಬೇಕು. 2021ರ ಡಿಸೆಂಬರ್‌ನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ ಸುಮಾರು 77 ಟೆರಾಬೈಟ್ ಸಂಶೋಧನಾ ಡೇಟಾ ಅಳಿಸಿಹೋದದ್ದು ಬ್ಯಾಕಪ್ ಪ್ರೋಗ್ರಾಮಿನ ದೋಷದಿಂದಲೇ. ನಾಲ್ಕು ಹಿಂಗಾರು ಹೊಲದಲ್ಲಿ ಅಡ್ಡಾಡಿ ಅಳತೆ ತೆಗೆದ ಡೇಟಾ ಹೋದರೆ ಮತ್ತೊಮ್ಮೆ ಕ್ಲಿಕ್ ಮಾಡಿದರೆ ಸಿಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಡೆಯ ರೀತಿಯೇ ಮೇಲು ಎಂದು ನನ್ನ ಅನಿಸಿಕೆ. ಜರ್ಮನಿಯಲ್ಲಿ ಸಂದೇಹ ಬಂದರೆ ಟಿಕೆಟ್ ಹಾಕಿ (ಸಹಾಯ ಕೋರಿ ಬರೆದು ಕಳಿಸಿ) ಉತ್ತರಕ್ಕೆ ಕಾಯುತ್ತಾರೆ. ಧಾರವಾಡದಲ್ಲಿ ಜೂನಿಯರ್ ಕುರ್ಚಿ ಎಳೆದುಕೊಂಡು ಸೀನಿಯರ್ ಪಕ್ಕ ಕೂತು "ಅಕ್ಕಾ, ಇದ್ಯಾಕ ಹಿಂಗ ಬರಾಕತ್ತೈತಿ?" ಎಂದು ಕೇಳಿಬಿಡುತ್ತಾನೆ. ಹೀಗಾಗಿ ಸುರಕ್ಷತೆ ಕಲಿಸುವ ಕೆಲಸಕ್ಕೆ ಹೊರಗಿನ ತಜ್ಞರು ಬೇಕಿಲ್ಲ. ಪ್ರತಿ ಲ್ಯಾಬಿನ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಚೆನ್ನಾಗಿ ಕಲಿಸಿದರೆ ಉಳಿದವರಿಗೆ ಅವರೇ ನಮ್ಮ ಕನ್ನಡದಲ್ಲಿ, ತಮ್ಮದೇ ಸರ್ವರ್ ಮೇಲೆ ಕಲಿಸುತ್ತಾರೆ. ಎಲ್ಲರಿಗೂ ಬೇರೆ ಬೇರೆ ಖಾತೆ ಕೊಡುವುದರಿಂದ ಶುರುಮಾಡಲಿ, ಸುಡೊ ಅಧಿಕಾರ (ರೂಟ್‌ನಂತೆ ಕೆಲಸ ಮಾಡುವ ಅಧಿಕಾರ) ಆ ಇಬ್ಬರಿಗಷ್ಟೇ ಇರಲಿ.

ಗೈಡ್‌ಗಳಿಗೂ ಒಂದು ಮಾತು. ಲ್ಯಾಪ್‌ಟಾಪ್ ಕಳೆಯಿತು, ಕೀ ಅದರಲ್ಲೇ ಇತ್ತು ಎಂದು ರಾತ್ರಿ ಹನ್ನೊಂದಕ್ಕೆ ಹುಡುಗಿ ಫೋನ್ ಮಾಡಿದರೆ ದಯವಿಟ್ಟು ಬೈಯಬೇಡಿ. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಗಳನ್ನು) 180 ದಿನ ಇಟ್ಟಿರಬೇಕು. ಬೈಗುಳಕ್ಕೆ ಅಂಜಿ ಆಕೆ ಸೋಮವಾರದವರೆಗೆ ಸುಮ್ಮನಿದ್ದರೆ ಆ ಕೀಯನ್ನು ರದ್ದು ಮಾಡುವವರೂ ಇರುವುದಿಲ್ಲ.