ಬ್ಯಾಂಡ್ ನೋಡಬೇಡಿ, ಎಲೆ ನೋಡಿ: ಕಡಿಮೆ ಬೆಲೆಯ ಡೊಮಿನಿಕನ್ ಸಿಗಾರ್ ಬಗ್ಗೆ

ನಾನಿರುವುದು ಫ್ಲೋರಿಡಾದ ಟ್ಯಾಂಪಾದಲ್ಲಿ. ಒಂದು ಕಾಲಕ್ಕೆ ಸಿಗಾರ್‌ಗೆ ಹೆಸರಾಗಿದ್ದ ಊರು ಇದು. ಈಗಲೂ ಇಲ್ಲಿನ ಈಬೋರ್ ಸಿಟಿ ಬಡಾವಣೆಯ ಬೀದಿಯಲ್ಲಿ ಸಿಗಾರ್ ಅಂಗಡಿಗೇನೂ ಬರ ಇಲ್ಲ. ನಮ್ಮ ಕನ್ನಡದ ಗೆಳೆಯರು ಸೇರಿದಾಗ ಊಟ ಆದ ಮೇಲೆ ಹಿತ್ತಲಲ್ಲಿ ಕೂತು ಒಂದು ಸಿಗಾರ್ ಹಚ್ಚುವ ರೂಢಿ ಇದೆ. ಆಗ ಬರುವ ಮೊದಲ ಪ್ರಶ್ನೆ, "ಕ್ಯೂಬಾದ್ದಾ ಗುರೂ?" ಅಲ್ಲ, ಡೊಮಿನಿಕನ್ ಗಣರಾಜ್ಯದ್ದು, ಆರು ಡಾಲರಿಂದು ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. "ಓ, ಹಂಗಾ" ಅಂತ ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿ ಸುಮ್ಮನಾಗುತ್ತಾರೆ.

ಈ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಐದರಿಂದ ಎಂಟು ಡಾಲರ್ ಒಳಗೆ ಸಿಗುವ ಒಳ್ಳೆಯ ಡೊಮಿನಿಕನ್ ಸಿಗಾರ್‌ನಲ್ಲಿ ಇರುವಷ್ಟು ಕೈಕೆಲಸ, ಅಷ್ಟು ಕಾಯುವಿಕೆ ಆ ಬೆಲೆಯ ಬೇರೆ ಯಾವ ವಸ್ತುವಿನಲ್ಲೂ ನಾನು ಕಂಡಿಲ್ಲ. ಇದನ್ನು ಬೇರೆಯವರಿಗಿಂತ ಮೊದಲು ಗುರುತಿಸಬೇಕಾದವರು ನಾವು. ಹೊಗೆಸೊಪ್ಪು ಬೆಳೆಯುವ ನಾಡಿನವರು ಅಲ್ವಾ?

ನಾನು ಪಿರಿಯಾಪಟ್ಟಣದ ಕಡೆಯವನು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸುತ್ತ ಮುಂಗಾರು ಹಿಡಿಯುವ ಹೊತ್ತಿಗೆ ಹೊಗೆಸೊಪ್ಪಿನ ಸಸಿ ನೆಡುತ್ತಾರೆ. ಎಲೆ ಬಲಿತ ಮೇಲೆ ಕೆಳಗಿನಿಂದ ಮುರಿದು, ಕಡ್ಡಿಗೆ ಕಟ್ಟಿ ಬ್ಯಾರನ್ ಅನ್ನುವ ಎಲೆ ಬೇಯಿಸುವ ಮನೆಯೊಳಗೆ ನೇತುಹಾಕುತ್ತಾರೆ. ಕೆಳಗೆ ಸೌದೆ ಉರಿ. ಕೊಳವೆಯಲ್ಲಿ ಬಿಸಿ ಹರಿದು ಸುಮಾರು ಒಂದು ವಾರಕ್ಕೆ ಎಲೆ ಬೇಯುತ್ತದೆ. ರಾತ್ರಿಯೆಲ್ಲಾ ಎದ್ದು ಬೆಂಕಿ ನೋಡಿಕೊಳ್ಳಬೇಕು. ಹದ ತಪ್ಪಿದರೆ ವರ್ಷದ ದುಡಿಮೆ ಹೋಯಿತು. ಹೀಗೆ ಬೇಗ ಒಣಗಿಸುವುದರಿಂದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ, ಬಣ್ಣ ನಿಂಬೆ ಹಳದಿಗೆ ನಿಲ್ಲುತ್ತದೆ. ಸಿಗರೇಟಿಗೆ ಬೇಕಾದ್ದು ಅದೇ.

ಸಿಗಾರ್‌ನ ದಾರಿ ಪೂರಾ ಉಲ್ಟಾ. ಡೊಮಿನಿಕನ್ ಗಣರಾಜ್ಯದ ಉತ್ತರಕ್ಕೆ ಸಾಂತಿಯಾಗೊ ಅಂತ ಊರಿದೆ. ಅದರ ಸುತ್ತಲಿನ ಸಿಬಾವೊ ಕಣಿವೆಯೇ ಅಲ್ಲಿನ ಹೊಗೆಸೊಪ್ಪಿನ ಸೀಮೆ. ಅಲ್ಲಿ ಎಲೆಯನ್ನು ಬೆಂಕಿಯಲ್ಲಿ ಬೇಯಿಸುವುದಿಲ್ಲ. ದೊಡ್ಡ ಕೊಟ್ಟಿಗೆಗಳಲ್ಲಿ ನೇತುಹಾಕಿ ಗಾಳಿಗೆ ಬಿಡುತ್ತಾರೆ. ವಾರಗಟ್ಟಲೆ ನಿಧಾನಕ್ಕೆ ಒಣಗುತ್ತಾ ಎಲೆಯೊಳಗಿನ ಸಕ್ಕರೆ ಕರಗಿಹೋಗುತ್ತದೆ, ಬಣ್ಣ ಕಂದಾಗುತ್ತದೆ. ಆಮೇಲೆ ಆಳೆತ್ತರದ ಒಟ್ಟಲು ಹಾಕುತ್ತಾರೆ. ಎಲೆಯ ಭಾರಕ್ಕೆ, ಉಳಿದ ತೇವಕ್ಕೆ ಒಟ್ಟಲಿನ ಹೊಟ್ಟೆ ತಾನಾಗಿಯೇ ಕಾವೇರುತ್ತದೆ. ಕೈ ತೂರಿಸಿದರೆ ನಮ್ಮ ತಿಪ್ಪೆಯೊಳಗಿನ ಕಾವಿನ ಹಾಗೇ. ಕಾವು ಮಿತಿ ಮೀರುವ ಮೊದಲು ಒಟ್ಟಲು ಬಿಚ್ಚಿ, ಒಳಗಿನದು ಹೊರಗೆ, ಹೊರಗಿನದು ಒಳಗೆ ಮಾಡಿ ಮತ್ತೆ ಕಟ್ಟಬೇಕು. ಒಂದು ಸಲ ಅಲ್ಲ, ಹಲವು ಸಲ. ಎಲೆಯ ಅಮೋನಿಯಾ ಘಾಟು ಹೋಗುವುದು ಹೀಗೆ. ಇದಾದ ಮೇಲೂ ಎಲೆಯನ್ನು ಮೂಟೆ ಕಟ್ಟಿ ಮಾಗಲು ಇಡುತ್ತಾರೆ. ಕಡಿಮೆ ಬೆಲೆಯ ಸಿಗಾರ್‌ಗೂ ಈ ದಾರಿ ತಪ್ಪಿದ್ದಲ್ಲ.

ಹಾಗಾದರೆ ಬೆಲೆ ಕಡಿಮೆಯಾಗುವುದು ಎಲ್ಲಿ?

ಸಿಗಾರ್‌ಗೆ ಮೂರು ಪದರ. ಒಳಗಿನ ತುಂಬು ಎಲೆ, ಅದನ್ನು ಹಿಡಿದಿಡುವ ಕಟ್ಟೆಲೆ, ಮೇಲಿನ ಹೊದಿಕೆ ಎಲೆ. ಇವುಗಳಲ್ಲಿ ಹೊದಿಕೆ ಎಲೆಯೇ ಹೆಚ್ಚು ದುಬಾರಿ. ತೂತಿಲ್ಲದೆ, ಕಲೆಯಿಲ್ಲದೆ, ದಪ್ಪ ನರ ಇಲ್ಲದೆ ಬರಬೇಕು. ಅಮೆರಿಕದ ಕನೆಟಿಕಟ್‌ನಲ್ಲಿ ಬಟ್ಟೆಯ ನೆರಳು ಕಟ್ಟಿ ಇದನ್ನು ಬೆಳೆಯುತ್ತಾ ಬಂದಿದ್ದಾರೆ. ಈಕ್ವೆಡಾರ್‌ನಲ್ಲಿ ಮೋಡವೇ ನೆರಳು. ಅದರಿಂದ ಖರ್ಚು ಕಡಿಮೆ, ಎಲೆ ಮಾತ್ರ ಚೆನ್ನಾಗಿಯೇ ಬರುತ್ತದೆ. ಇನ್ನು ತುಂಬು ಎಲೆ. ದುಬಾರಿ ಸಿಗಾರ್‌ನಲ್ಲಿ ಇವು ಈ ತುದಿಯಿಂದ ಆ ತುದಿವರೆಗೆ ಉದ್ದಕ್ಕೆ ಸಾಗುವ ಎಲೆಗಳು. ಅಗ್ಗದ್ದರಲ್ಲಿ ಉಳಿದ ತುಂಡುಗಳನ್ನು ಸೇರಿಸುತ್ತಾರೆ. ಆ ತುಂಡುಗಳೇನೂ ಕಸ ಅಲ್ಲ. ದೊಡ್ಡ ಸಿಗಾರ್ ಕಟ್ಟುವಾಗ ಕತ್ತರಿಸಿ ಉಳಿದ, ಅದೇ ಮಾಗಿದ ಎಲೆ. ಮೂರನೆಯದು ಪೆಟ್ಟಿಗೆ. ಸ್ಪ್ಯಾನಿಷ್ ಸೀಡರ್ ಅನ್ನುವ ಮರದ ಪೆಟ್ಟಿಗೆ, ಸಿಗಾರ್ ಮೈಗೆ ಸುತ್ತುವ ಚಿನ್ನದ ಅಂಚಿನ ಕಾಗದದ ಬ್ಯಾಂಡ್ ಎಲ್ಲಾ ಬಿಟ್ಟು ಸುಮ್ನೆ 20, 25ರ ಕಟ್ಟು ಕಟ್ಟಿ ಪ್ಲಾಸ್ಟಿಕ್ ಕಾಗದ ಸುತ್ತಿದರೆ ಅಲ್ಲೇ ಎಷ್ಟೋ ಉಳಿಯಿತು. ಹೊದಿಕೆಯ ಬಣ್ಣ ಒಂದಕ್ಕೊಂದು ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಕಟ್ಟಿಗೆ ಸೇರಿದ ಸಿಗಾರ್‌ಗಳೂ ಇರುತ್ತವೆ. ಇಂಥವು ಕಣ್ಣಿಗೆ ಬಿದ್ದರೆ ಬಿಡಬೇಡಿ.

ತೆರಿಗೆಯ ಆಟವೂ ಇದೆ. ಫ್ಲೋರಿಡಾ ರಾಜ್ಯ ಸಿಗಾರ್ ಮೇಲೆ ತಂಬಾಕು ತೆರಿಗೆ ಹಾಕುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಸಗಟು ಬೆಲೆಯ ಮೇಲೆ 75% ತೆರಿಗೆ. ಅದೇ ಸಿಗಾರ್, ಅದೇ ಎಲೆ. ಅಲ್ಲಿ ಜಾಸ್ತಿ ಕೊಟ್ಟು ಕೊಂಡವರು ಹೆಚ್ಚು ರುಚಿ ಕೊಂಡಿದ್ದಾರೆ ಅಂತಲ್ಲ.

ಸಾಂತಿಯಾಗೊ ಪಕ್ಕದಲ್ಲಿ ತಂಬೊರಿಲ್ ಅಂತ ಒಂದು ಪೇಟೆ ಇದೆ. ದೊಡ್ಡ ಕಾರ್ಖಾನೆಗಳ ಜೊತೆಗೆ ಮನೆಯಷ್ಟಗಲದ ಸಣ್ಣ ಸಣ್ಣ ಸಿಗಾರ್ ಮನೆಗಳೂ ಅಲ್ಲಿವೆ. ಅಂಥದ್ದೊಂದರಲ್ಲಿ ನಿಂತು ನೋಡಿದ್ದೇನೆ. ಕೆಲಸ ಜೋಡಿಯಲ್ಲಿ. ಒಬ್ಬರು ತುಂಬು ಎಲೆಗಳನ್ನು ಮಡಿಸಿ, ಮಧ್ಯೆ ಗಾಳಿ ಹರಿಯುವಷ್ಟು ಸಂದು ಬಿಟ್ಟು, ಕಟ್ಟೆಲೆಯಲ್ಲಿ ಸುತ್ತಿ ಅಚ್ಚಿಗೆ ಹಾಕುತ್ತಾರೆ. ಅಚ್ಚಿನಲ್ಲಿ ಒತ್ತಿ ಆಕಾರ ಬಂದ ಮೇಲೆ ಪಕ್ಕದ ಹೆಂಗಸಿನ ಕೈಗೆ. ಆಕೆ ಒದ್ದೆ ಹೊದಿಕೆ ಎಲೆಯನ್ನು ಹಲಗೆ ಮೇಲೆ ಹರಡಿ, ಬಾಗಿದ ಅಂಚಿನ ಹಿಡಿಯಿಲ್ಲದ ಕತ್ತಿಯಿಂದ ಒಂದೇ ಏಟಿಗೆ ಅಂಚು ತೆಗೆದರು. ಎಲೆಯ ನಡುನರ ತೆಗೆದಾಗ ಎಡ ಹೋಳು, ಬಲ ಹೋಳು ಅಂತ ಎರಡಾಗುತ್ತದೆ. ಒಂದು ಹೋಳನ್ನು ಈ ಕಡೆಗೆ ಸುತ್ತಿದರೆ ಇನ್ನೊಂದನ್ನು ಆ ಕಡೆಗೆ ಸುತ್ತಬೇಕು. ಆಗಲೇ ನರಗಳು ಅಡ್ಡ ಬರದೆ ಉದ್ದಕ್ಕೆ ಮಲಗುತ್ತವೆ. ತುದಿಗೆ ಒಂದು ಚೂರು ಗೋಂದು, ಮೇಲೊಂದು ಪುಟ್ಟ ಟೋಪಿ. ಮುಗಿಯಿತು. ಕಣ್ಣು ಕೈ ಮೇಲಿತ್ತು, ಬಾಯಿ ಪಕ್ಕದವರ ಜೊತೆ ಮಾತಾಡುತ್ತಿತ್ತು.

ನನಗೆ ಆಗ ನೆನಪಾದದ್ದು ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರು. ಅದೇ ಬೆರಳಿನ ಚುರುಕು, ಅದೇ ತುಂಡಿನ ಲೆಕ್ಕದ ಕೂಲಿ. ಆದರೆ ನಮ್ಮಲ್ಲಿ ಆ ಕೆಲಸ ಮನೆಯ ಜಗಲಿಯಲ್ಲಿ, ಮಡಿಲಲ್ಲಿ ಮೊರ ಇಟ್ಟುಕೊಂಡು, ಅಡುಗೆ ಮಕ್ಕಳ ನಡುವೆ ನಡೆಯುತ್ತದೆ. ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಟ್ಟ ಮೇಲೆ ಅವರ ಕೈಚಳಕದ ಮಾತು ಯಾರೂ ಆಡುವುದಿಲ್ಲ. 1966ರಲ್ಲೇ ಬೀಡಿ ಮತ್ತು ಸಿಗಾರ್ ಕೆಲಸಗಾರರಿಗೆ ಅಂತ ಕೇಂದ್ರದ ಕಾಯ್ದೆ ಬಂದಿದೆ. ಕಾಯ್ದೆ ಬಂದರೂ ಅದನ್ನೊಂದು ಕುಶಲ ಕೆಲಸ ಅಂತ ನೋಡುವ ಕಣ್ಣು ನಮಗೆ ಬರಲಿಲ್ಲ. ಪಿರಿಯಾಪಟ್ಟಣದ ಬೆಳೆಗಾರನ ಕಥೆಯೂ ಅಷ್ಟೇ. ಹರಾಜು ಕಟ್ಟೆಯಲ್ಲಿ ಬೇಲ್ ಮಾರಿದ ಮೇಲೆ ಅವನ ಎಲೆ ಯಾವ ದೇಶದ ಯಾವ ಸಿಗರೇಟಿಗೆ ಹೋಯಿತು ಅನ್ನುವುದು ಅವನಿಗೇ ಗೊತ್ತಾಗುವುದಿಲ್ಲ. ಸಿಬಾವೊದ ಎಲೆ ಹಾಗಲ್ಲ. ಐದು ಡಾಲರಿನ ಸಿಗಾರ್ ಕೇಳಿದರೂ ಅಂಗಡಿಯವನು ತುಂಬು ಎಲೆ ಎಲ್ಲಿಯದು, ಬೀಜ ಯಾವುದು ಅಂತ ಹೇಳುತ್ತಾನೆ. ಪಿಲೋತೊ ಕುಬಾನೊ ಬೀಜದ್ದಾದರೆ ಸ್ವಲ್ಪ ಖಡಕ್, ಓಲೋರ್ ಡೊಮಿನಿಕಾನೊ ಆದರೆ ಘಮ ಜಾಸ್ತಿ. ಈ ಮರ್ಯಾದೆ ನಮ್ಮ ಎಲೆಗೂ ಸಿಗಬೇಕಿತ್ತು ಅಂತ ನನಗೆ ಸದಾ ಅನಿಸುತ್ತದೆ.

ಕ್ಯೂಬಾದ ಹೆಸರಿಗೆ ಮರುಳಾಗುವವರಿಗೆ ಒಂದು ಮಾತು. 1959ರ ಕ್ರಾಂತಿಯ ನಂತರ ಅಲ್ಲಿನ ಸಿಗಾರ್ ಕಾರ್ಖಾನೆಗಳು ಸರ್ಕಾರದ ಪಾಲಾದವು. 1962ರಲ್ಲಿ ಅಮೆರಿಕ ವ್ಯಾಪಾರ ನಿರ್ಬಂಧ ಹಾಕಿತು. ಕಸುಬು ಬಲ್ಲ ಎಷ್ಟೋ ಕುಟುಂಬಗಳು ಬೀಜ, ವಿದ್ಯೆ ಎರಡನ್ನೂ ಹೊತ್ತು ಬೇರೆ ದೇಶಗಳಿಗೆ ಹೋದವು. ನಮ್ಮ ಟ್ಯಾಂಪಾದಲ್ಲಿ 1912ರಲ್ಲಿ ಶುರುವಾದ ಆರ್ತುರೊ ಫುಯೆಂತೆ ಕಂಪನಿ 1980ರಲ್ಲಿ ಸಾಂತಿಯಾಗೊಕ್ಕೆ ಹೋಗಿ ನೆಲೆ ನಿಂತಿತು. ಹಾಗಂತ ಡೊಮಿನಿಕನ್ನರು ಎಲ್ಲವನ್ನೂ ಹೊರಗಿನವರಿಂದಲೇ ಕಲಿತರು ಅನ್ನುವುದು ತಪ್ಪು. ಲಾ ಅರೋರಾ ಸಿಗಾರ್ ಕಂಪನಿ ಅಲ್ಲಿಯ ಮಣ್ಣಲ್ಲೇ 1903ರಲ್ಲಿ ಹುಟ್ಟಿದ್ದು.

ಈಗ ರುಚಿಗೆ ಬರೋಣ. ಆರ್ತುರೊ ಫುಯೆಂತೆಯವರ ಕರ್ಲಿ ಹೆಡ್ ಅನ್ನುವ ಸಿಗಾರ್ ನನ್ನ ದಿನಬಳಕೆಯದ್ದು. ನೋಡಲು ಒರಟು, ತೆಳ್ಳಗೆ, ಉದ್ದ. ಒಳಗೆ ತುಂಡು ಎಲೆ ಇರುವುದರಿಂದ ಬೂದಿ ಬೇಗ ಉದುರುತ್ತದೆ. ಜೋರಾಗಿ ದಮ್ ಎಳೆದರೆ ಬಿಸಿಯಾಗಿ ನಾಲಿಗೆ ಚುರುಗುಡುತ್ತದೆ. ನಿಮಿಷಕ್ಕೊಂದು ದಮ್ಮಿನಂತೆ ಸಮಾಧಾನವಾಗಿ ಸೇದಿದರೆ ಹುರಿದ ಕಡಲೆಕಾಯಿಯ ಘಮ, ಒಣ ಮರದ ರುಚಿ ಬರುತ್ತದೆ. ಅದೇ ಮನೆಯ ಶಾತೊ ಫುಯೆಂತೆ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಕನೆಟಿಕಟ್ ಹೊದಿಕೆ, ಮೈಗೆ ಮರದ ತೆಳು ಪಟ್ಟಿ. ಮೃದು, ಸ್ವಲ್ಪ ಕೆನೆಯ ಹಾಗೆ, ಬೂದಿ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೂ ಸ್ವಲ್ಪ ಕೈ ಬಿಚ್ಚುವುದಾದರೆ ಅವರದೇ 8-5-8 ಅನ್ನುವ ಸಿಗಾರ್. ಇದರ ಹೊದಿಕೆ ಆಫ್ರಿಕಾದ ಕ್ಯಾಮರೂನ್ ಎಲೆ. ಬೆರಳಾಡಿಸಿದರೆ ಸಣ್ಣ ಮರಳಿನಂಥ ತರಿ ಸಿಗುತ್ತದೆ. ಅದರ ಸಿಹಿ ಮಸಾಲೆ ಘಮ ನನಗೆ ತುಂಬಾ ಇಷ್ಟ. ಮಕನುಡೊ ಕೆಫೆ ಅನ್ನುವ ಸಿಗಾರ್ ಹೊಸಬರಿಗೆ ಒಳ್ಳೆಯದು. ನನಗೆ ತೀರಾ ಸಪ್ಪೆ. ಬೆಳಗಿನ ಫಿಲ್ಟರ್ ಕಾಫಿ ಜೊತೆ ಮಾತ್ರ ಪರವಾಗಿಲ್ಲ. ಖಾರ ಬೇಕು ಅನ್ನುವವರು ನಿಕರಾಗುವಾ ಕಡೆ ಹೋಗಲಿ, ಡೊಮಿನಿಕನ್‌ನ ಗುಣ ಅದಲ್ಲ.

ಸಿಗಾರ್ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ. ಹಾಗಂತ ಅಪಾಯ ಇಲ್ಲ ಅಂತಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಇದೂ ದಾರಿಯೇ. ಸೇದದವರು ಶುರು ಮಾಡಿ ಅಂತ ನಾನು ಹೇಳಲಾರೆ. ಸೇದುವವರು ಮಾತ್ರ ಯಾವಾಗಲೋ ಒಂದು ಸೇದಿ, ಕೂತು ಸೇದಿ. ನಮ್ಮೂರಲ್ಲಿ ಅಪ್ಪನ ಕಣ್ಣು ತಪ್ಪಿಸಿ ಎರಡು ದಮ್ ಎಳೆದು ಎಸೆಯುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮುಕ್ಕಾಲು ಗಂಟೆಯಾದರೂ ಬೇಕು.

ಊರಿಗೆ ಒಯ್ಯುವವರು ತೇವಾಂಶ ಮರೆಯಬೇಡಿ. ಸಿಗಾರ್ ಇಟ್ಟ ಕಡೆಯ ಗಾಳಿಯಲ್ಲಿ 65ರಿಂದ 70% ತೇವ ಬೇಕು. ಮಂಗಳೂರಿನ ಆಷಾಢದಲ್ಲಿ ಬೂಸ್ಟು ಬರುತ್ತದೆ, ಮೈಸೂರಿನ ಮಾರ್ಚ್‌ನಲ್ಲಿ ಒಣಗಿ ಬಿರಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಕಾಯುವ ಒಂದು ಪೊಟ್ಟಣ ಇದ್ದರೆ ಸಾಕು. ಅದಕ್ಕೂ ದುಬಾರಿ ಪೆಟ್ಟಿಗೆ ಬೇಡ.

ಇಷ್ಟೆಲ್ಲಾ ಹೇಳಿದ ಮೇಲೂ ಅನುಮಾನ ಉಳಿದವರು ಹೀಗೆ ಮಾಡಿ. ಒಂದು ಶಾತೊ ಫುಯೆಂತೆ, ಅದರ ಮೂರು ಪಟ್ಟು ಬೆಲೆಯ ಯಾವುದಾದರೂ ಒಂದು ಸಿಗಾರ್ ತನ್ನಿ. ಎರಡರ ಬ್ಯಾಂಡೂ ಬಿಚ್ಚಿ ಗೆಳೆಯರ ಕೈಗೆ ಕೊಡಿ. ಯಾವುದು ಯಾವುದು ಅಂತ ಹೇಳದೆ ಅರ್ಧದವರೆಗೆ ಸೇದಲಿ. ಆಮೇಲೆ ಬೆಲೆ ಕೇಳಿ.